ಖಾಡಿಯ ಮರುವಾಯಿ ತಿನ್ನುವವರೇ, ನೀರಿನ ವರದಿ ಸಾಲದು, ಕೆಸರಿನ ವರದಿ ಕೇಳಿ



ಮುಂಬಯಿಯಲ್ಲಿರುವ ನಮ್ಮ ಕರಾವಳಿಯವರಿಗೆ ಮರುವಾಯಿ ಸುಕ್ಕ ಎಂದರೆ ಊರೇ ತಟ್ಟೆಗೆ ಬಂದಂತೆ. ಆದರೆ ಮರುವಾಯಿ ಬದುಕುವುದು ಕೆಸರಿನಲ್ಲಿ. "ನೀರು ಪರೀಕ್ಷೆ ಮಾಡಿದ್ದಾರಂತೆ, ಏನೂ ಇಲ್ಲವಂತೆ" ಎಂಬ ಮಾತು ನಂಬಿ ಸುಮ್ಮನಾಗಬೇಡಿ. ಪಾದರಸ, ಸೀಸದಂಥ ಲೋಹಗಳು ನುಣ್ಣನೆಯ ಹೂಳಿಗೆ ಅಂಟಿಕೊಂಡು ತಳ ಸೇರುತ್ತವೆ. ನೀರು ಇಳಿತದೊಂದಿಗೆ ಹೋಗುತ್ತದೆ, ಹೂಳು ಉಳಿಯುತ್ತದೆ.

ಜಪಾನಿನ ಮಿನಮಾಟಾ ಕೊಲ್ಲಿಯನ್ನು ನೋಡಿ. ಅಲ್ಲಿ ನರಗಳನ್ನು ಹಾಳುಮಾಡುವ ವಿಚಿತ್ರ ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ಕಾರಣ, ಕಾರ್ಖಾನೆಯ ತ್ಯಾಜ್ಯದಲ್ಲಿದ್ದ ಪಾದರಸ. ಅದು ಮೀನು, ಚಿಪ್ಪುಗಳ ಮೂಲಕ ಜನರ ಹೊಟ್ಟೆ ಸೇರಿತ್ತು. 1968ರಲ್ಲಿ ತ್ಯಾಜ್ಯ ನಿಂತಿತು, ಕೆಸರಿನ ವಿಷ ಹೋಗಲಿಲ್ಲ. 25 ಪಿಪಿಎಂ ಮೀರಿದ ಹೂಳನ್ನು ತೆಗೆದು, ಮುಚ್ಚಿ ಮುಗಿಸುವಷ್ಟರಲ್ಲಿ 1990 ಬಂತು. ಮೀನು ಸುರಕ್ಷಿತವೆಂದು ಘೋಷಿಸಿದ್ದು 1997ರಲ್ಲಿ!

ಹಾಗಾದರೆ ಕೆಸರನ್ನು ಪರೀಕ್ಷಿಸುವುದು ಹೇಗೆ? ಒಂದು ಬಕೆಟ್ ಕೆಸರು ತಂದು ಲ್ಯಾಬಿಗೆ ಕೊಟ್ಟರೆ ಆಗುವುದಿಲ್ಲ. ಮೊದಲು ಪ್ರಶ್ನೆ ಸ್ಪಷ್ಟವಿರಬೇಕು. ತಿನ್ನುವವರಿಗೆ ಅಪಾಯವಿದೆಯೇ ಎಂದು ತಿಳಿಯಬೇಕಾದರೆ ಮರುವಾಯಿ ಇರುವ ಮೇಲಿನ ಕೆಲವು ಸೆಂಟಿಮೀಟರ್ ಕೆಸರು ಸಾಕು. ಹೂಳೆತ್ತುವ ಯೋಜನೆಯಿದ್ದರೆ ಕೊಳವೆ ಇಳಿಸಿ ಆಳದ ಪದರಗಳನ್ನೂ ತೆಗೆಯಬೇಕು. ಹಳೆಯ ವಿಷ ಕೆಳಗೆ ಹೂತಿರಬಹುದು, ಅಗೆದರೆ ಮೇಲೆ ಬರುತ್ತದೆ.

ಇಲ್ಲೇ ಮೋಸವೂ ನಡೆಯುವುದು. ಮರಳಿಗೆ ಲೋಹ ಅಷ್ಟಾಗಿ ಅಂಟುವುದಿಲ್ಲ. ಮರಳಿರುವ ಜಾಗದಿಂದ ಮಾದರಿ ತಂದರೆ ಯಾವ ಖಾಡಿಯೂ "ಶುದ್ಧ"! ಆದ್ದರಿಂದ ಕಣದ ಗಾತ್ರವನ್ನೂ ಅಳೆಯಬೇಕು. ತ್ಯಾಜ್ಯದ ಕಾಲುವೆಯ ಬಾಯಿಯಿಂದ ದೂರದವರೆಗೆ ಹಲವು ಕಡೆ, ಹೋಲಿಕೆಗೆ ತ್ಯಾಜ್ಯ ತಲುಪದ ಒಂದು ಕಡೆ, ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಮಾದರಿ ತೆಗೆಯಬೇಕು. ಜೊತೆಗೆ ಮರುವಾಯಿಯ ಮಾಂಸವನ್ನೂ ಪರೀಕ್ಷಿಸಬೇಕು. ಕೆಸರಿನ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸವಾಗಿಸುತ್ತವೆ. ದೇಹದಲ್ಲಿ ಶೇಖರವಾಗುವುದು ಮುಖ್ಯವಾಗಿ ಅದೇ.

ಠಾಣೆ ಖಾಡಿಯ ಪಕ್ಕದಲ್ಲೇ ಠಾಣೆ-ಬೇಲಾಪುರ ಕೈಗಾರಿಕಾ ಪಟ್ಟಿಯಿದೆ. ಯಾರಾದರೂ ವರದಿ ತೋರಿಸಿದರೆ ಎಲ್ಲಿಂದ, ಎಷ್ಟು ಆಳದಿಂದ, ಯಾವ ತಿಂಗಳಲ್ಲಿ ಎಂದು ಕೇಳಿ.

ಎಷ್ಟು ತೊಳೆದರೂ ಬೇಯಿಸಿದರೂ ಪಾದರಸ ಹೋಗುವುದಿಲ್ಲ. ಹಾಗಂತ ಮೀನೇ ಬಿಡಬೇಡಿ. ಬೂತಾಯಿ, ಬಂಗುಡೆ ಒಳ್ಳೆಯವೇ. ಗರ್ಭಿಣಿಯರು ಮತ್ತು ಸಣ್ಣ ಮಕ್ಕಳಿಗೆ ಮಾತ್ರ, ಎಲ್ಲಿಯದೆಂದು ಗೊತ್ತಿಲ್ಲದ ಮರುವಾಯಿ ಬೇಡ.