ಜಾವಾ ಅಪ್ಲಿಕೇಶನ್‌ಗಳ ನಿಯೋಜನೆ ಮತ್ತು ದೋಷನಿವಾರಣೆ

ಜಾವಾ ಅಪ್ಲಿಕೇಶನ್‌ಗಳ ನಿಯೋಜನೆ ಎಂದರೆ ಜಾವಾ ಭಾಷೆಯಲ್ಲಿ ಬರೆದ ತಂತ್ರಾಂಶವನ್ನು, ಅದು ರೂಪುಗೊಂಡ ಗಣಕದಿಂದ ಹೊರತಂದು, ಬಳಕೆದಾರರಿಗೆ ಸೇವೆ ಒದಗಿಸುವ ಸರ್ವರ್‌ನಲ್ಲಿಯೋ ಕಚೇರಿಯ ಗಣಕದಲ್ಲಿಯೋ ಸ್ಥಾಪಿಸಿ ಚಾಲನೆಗೊಳಿಸುವ ಕ್ರಿಯೆ. ಹೊಸ ಸ್ಥಳಕ್ಕೆ ತಕ್ಕಂತೆ ಡೇಟಾಬೇಸ್ ವಿಳಾಸ, ಕಡತಗಳ ಹಾದಿ, ಸ್ಮೃತಿಯ ಮಿತಿ, ಭಾಷೆ ಮೊದಲಾದವನ್ನು ಹೊಂದಿಸುವುದನ್ನು ಸಂರಚನೆ ಎನ್ನುತ್ತಾರೆ. ಅಭಿವೃದ್ಧಿಯ ಗಣಕದಲ್ಲಿ ಸರಿಯಾಗಿ ನಡೆದ ತಂತ್ರಾಂಶ ಹೊರಗೆ ವಿಫಲವಾದಾಗ ಕಾರಣವನ್ನು ಹುಡುಕಿ ಸರಿಪಡಿಸುವುದು ನಿಯೋಜನೆಯ ದೋಷನಿವಾರಣೆ. ಇಂತಹ ವೈಫಲ್ಯಗಳಲ್ಲಿ ಬಹುಪಾಲು ಎರಡು ಪರಿಸರಗಳ ನಡುವಿನ ವ್ಯತ್ಯಾಸದಿಂದ ಹುಟ್ಟುತ್ತವೆ. ಕನ್ನಡ ಪಠ್ಯವನ್ನು ನಿರ್ವಹಿಸುವ ತಂತ್ರಾಂಶಗಳಲ್ಲಿ ಈ ವ್ಯತ್ಯಾಸವು ದಾಖಲೆಯಲ್ಲಿನ ಹೆಸರುಗಳನ್ನೇ ಶಾಶ್ವತವಾಗಿ ಅಳಿಸಿಹಾಕಬಲ್ಲದು.

## ಹಿನ್ನೆಲೆ

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1995ರಲ್ಲಿ ಜಾವಾವನ್ನು ಪ್ರಕಟಿಸಿದಾಗ, ಒಮ್ಮೆ ಬರೆದ ತಂತ್ರಾಂಶ ಎಲ್ಲ ಗಣಕಗಳಲ್ಲಿಯೂ ನಡೆಯುತ್ತದೆ ಎಂಬುದು ಅದರ ಮುಖ್ಯ ಭರವಸೆಯಾಗಿತ್ತು. ಜಾವಾ ಕಂಪೈಲರ್ ಮೂಲ ಸಂಕೇತವನ್ನು ಬೈಟ್‌ಕೋಡ್ ಆಗಿ ಪರಿವರ್ತಿಸುತ್ತದೆ. ಆಯಾ ಗಣಕದ ಜಾವಾ ವರ್ಚುವಲ್ ಮೆಷಿನ್ (ಜೆವಿಎಂ) ಅದನ್ನು ಚಾಲನೆಗೊಳಿಸುತ್ತದೆ. ಬೈಟ್‌ಕೋಡ್‌ನ ಮಟ್ಟಿಗೆ ಈ ಭರವಸೆ ಬಹುತೇಕ ನಿಜ. ಆದರೆ ಕಡತ ವ್ಯವಸ್ಥೆ, ಅಕ್ಷರಗಳ ಎನ್‌ಕೋಡಿಂಗ್, ಫಾಂಟ್, ಸಮಯವಲಯ, ಜಾಲಸಂಪರ್ಕ ಇವು ಬೈಟ್‌ಕೋಡ್‌ನ ಹೊರಗಿನ ವಿಷಯಗಳು. ಇವುಗಳಿಗಾಗಿ ಜೆವಿಎಂ ಕಾರ್ಯಾಚರಣಾ ವ್ಯವಸ್ಥೆಯನ್ನು ಅವಲಂಬಿಸುತ್ತದೆ.

ಎಕ್ಲಿಪ್ಸ್, ನೆಟ್‌ಬೀನ್ಸ್, ಇಂಟೆಲಿಜೆ ಐಡಿಯಾದಂತಹ ಅಭಿವೃದ್ಧಿ ಸಾಧನಗಳು ಹಲವು ಹೊಂದಿಕೆಗಳನ್ನು ತಾವಾಗಿಯೇ ಒದಗಿಸುತ್ತವೆ. ಬೇಕಾದ ಲೈಬ್ರರಿಗಳನ್ನು ಕ್ಲಾಸ್‌ಪಾತ್‌ಗೆ ಸೇರಿಸುವುದು, ಪ್ರಾಜೆಕ್ಟ್ ಕಡತಕೋಶದಿಂದಲೇ ತಂತ್ರಾಂಶವನ್ನು ಆರಂಭಿಸುವುದು, ನಿಗದಿತ ಜಾವಾ ಆವೃತ್ತಿಯನ್ನು ಬಳಸುವುದು, ಎನ್‌ಕೋಡಿಂಗ್ ಆರಿಸುವುದು ಇವುಗಳಲ್ಲಿ ಮುಖ್ಯವಾದವು. ಇವೆಲ್ಲ ಸದ್ದಿಲ್ಲದೆ ನಡೆಯುವುದರಿಂದ ತಂತ್ರಾಂಶವು ಇವುಗಳ ಮೇಲೆ ಅವಲಂಬಿತವಾಗಿದೆ ಎಂಬುದು ನಿಯೋಜನೆಯ ದಿನದವರೆಗೂ ಗೋಚರಿಸುವುದಿಲ್ಲ.

## ಆವೃತ್ತಿ ಮತ್ತು ಲೈಬ್ರರಿಗಳ ದೋಷಗಳು

ಪ್ರತಿಯೊಂದು ಕ್ಲಾಸ್ ಕಡತದಲ್ಲಿಯೂ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಜಾವಾ 8ಕ್ಕೆ 52, ಜಾವಾ 11ಕ್ಕೆ 55, ಜಾವಾ 17ಕ್ಕೆ 61, ಜಾವಾ 21ಕ್ಕೆ 65. ಹೊಸ ಆವೃತ್ತಿಯಲ್ಲಿ ಕಂಪೈಲ್ ಮಾಡಿದ ಕಡತವನ್ನು ಹಳೆಯ ಜೆವಿಎಂ ಓದಲಾರದು. ಆಗ 'ಅನ್‌ಸಪೋರ್ಟೆಡ್‌ಕ್ಲಾಸ್‌ವರ್ಶನ್‌ಎರರ್' ಎಂಬ ದೋಷ ಬರುತ್ತದೆ. ದೋಷಸಂದೇಶದಲ್ಲಿರುವ ಎರಡು ಸಂಖ್ಯೆಗಳನ್ನು ಹೋಲಿಸಿದರೆ ಯಾವ ಕಡೆಯ ಆವೃತ್ತಿ ಹಳೆಯದು ಎಂಬುದು ತಿಳಿಯುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. 2018ರಲ್ಲಿ ಬಂದ ಜಾವಾ 11, ಎಕ್ಸ್‌ಎಂಎಲ್ ಬೈಂಡಿಂಗ್ ಮೊದಲಾದ ಕೆಲವು ಭಾಗಗಳನ್ನು ತನ್ನ ಮೂಲ ಕಂತೆಯಿಂದ ತೆಗೆದುಹಾಕಿತು. ಆದ್ದರಿಂದ ಜಾವಾ 8ರಲ್ಲಿ ನಡೆಯುತ್ತಿದ್ದ ತಂತ್ರಾಂಶ ಹೊಸ ಸರ್ವರ್‌ನಲ್ಲಿ ನಿಲ್ಲಬಹುದು. ಹಾಗೆಯೇ 2020ರ ಜಕಾರ್ತಾ ಇಇ 9ರಲ್ಲಿ 'ಜಾವಾಎಕ್ಸ್' ಎಂದು ಆರಂಭವಾಗುತ್ತಿದ್ದ ಹಲವು ಪ್ಯಾಕೇಜ್‌ಗಳ ಹೆಸರು 'ಜಕಾರ್ತಾ' ಎಂದಾಯಿತು. ಈ ಕಾರಣದಿಂದ ಟಾಮ್‌ಕ್ಯಾಟ್ 9ಕ್ಕಾಗಿ ಸಿದ್ಧಪಡಿಸಿದ ವಾರ್ ಕಡತ ಟಾಮ್‌ಕ್ಯಾಟ್ 10ರಲ್ಲಿ ಮಾರ್ಪಾಡಿಲ್ಲದೆ ನಡೆಯುವುದಿಲ್ಲ.

ಲೈಬ್ರರಿಗೆ ಸಂಬಂಧಿಸಿದ ದೋಷಗಳನ್ನು ಅವುಗಳ ಹೆಸರಿನಿಂದಲೇ ವಿಂಗಡಿಸಬಹುದು:

* ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಶನ್: ತಂತ್ರಾಂಶವು ಹೆಸರಿನಿಂದ ಕೇಳಿದ ಕ್ಲಾಸ್ ಕ್ಲಾಸ್‌ಪಾತ್‌ನಲ್ಲಿ ಇಲ್ಲ. ಡೇಟಾಬೇಸ್ ಡ್ರೈವರ್ ಬಿಟ್ಟುಹೋದಾಗ ಸಾಮಾನ್ಯವಾಗಿ ಕಾಣುತ್ತದೆ.
* ನೋಕ್ಲಾಸ್‌ಡೆಫ್‌ಫೌಂಡ್‌ಎರರ್: ಕಂಪೈಲ್ ಮಾಡುವಾಗ ಇದ್ದ ಕ್ಲಾಸ್ ಚಾಲನೆಯ ವೇಳೆ ದೊರೆಯಲಿಲ್ಲ, ಅಥವಾ ಅದರ ಆರಂಭಿಕ ಹಂತ ಮೊದಲೇ ವಿಫಲವಾಗಿದೆ.
* ನೋಸಚ್‌ಮೆಥಡ್‌ಎರರ್: ಕ್ಲಾಸ್ ದೊರೆತಿದೆ, ಆದರೆ ಆವೃತ್ತಿ ಬೇರೆ. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಒಟ್ಟಿಗೆ ಇರುವುದು ಇದರ ಸಾಮಾನ್ಯ ಕಾರಣ.

ಜಾರ್ ಕಡತವನ್ನು ನೇರವಾಗಿ ಚಾಲನೆಗೊಳಿಸುವ ಆಯ್ಕೆಯನ್ನು ಬಳಸಿದಾಗ, ಆಜ್ಞೆಯಲ್ಲಿ ಪ್ರತ್ಯೇಕವಾಗಿ ಕೊಟ್ಟ ಕ್ಲಾಸ್‌ಪಾತ್ ಅನ್ನು ಜಾವಾ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಜಾರ್‌ನೊಳಗಿನ ಮ್ಯಾನಿಫೆಸ್ಟ್ ಕಡತದಲ್ಲಿ ಬರೆದಿರುವುದಷ್ಟೇ ಅನ್ವಯಿಸುತ್ತದೆ.

## ಕಡತಗಳ ಹಾದಿ ಮತ್ತು ಸಂರಚನೆ

ವಿಂಡೋಸ್‌ನಲ್ಲಿ ಕಡತದ ಹೆಸರಿನ ದೊಡ್ಡಕ್ಷರ-ಸಣ್ಣಕ್ಷರಗಳ ನಡುವೆ ಸಾಮಾನ್ಯವಾಗಿ ಭೇದವಿಲ್ಲ, ಲಿನಕ್ಸ್‌ನಲ್ಲಿ ಇದೆ. ಪ್ರಾಜೆಕ್ಟ್ ಕಡತಕೋಶಕ್ಕೆ ಸಾಪೇಕ್ಷವಾಗಿ ಬರೆದ ಹಾದಿಯು ಸರ್ವರ್‌ನಲ್ಲಿ ಬೇರೊಂದು ಸ್ಥಳವನ್ನು ಸೂಚಿಸುತ್ತದೆ. ಜಾರ್‌ನೊಳಗೆ ಸೇರಿದ ಸಂಪನ್ಮೂಲವು ಸ್ವತಂತ್ರ ಕಡತವಾಗಿ ಉಳಿಯುವುದಿಲ್ಲವಾದ್ದರಿಂದ ಅದನ್ನು ಕ್ಲಾಸ್‌ಪಾತ್ ಮೂಲಕ ಸ್ಟ್ರೀಮ್ ಆಗಿಯೇ ಓದಬೇಕಾಗುತ್ತದೆ.

ಬದಲಾಗುವ ಮಾಹಿತಿಯನ್ನು ತಂತ್ರಾಂಶದಿಂದ ಹೊರಗಿಡುವುದು ಸಂರಚನೆಯ ಮೂಲತತ್ತ್ವ. ಹೆರೋಕು ಸಂಸ್ಥೆಯ ಅಭಿವೃದ್ಧಿಕಾರರು 2011ರ ಸುಮಾರಿಗೆ ಪ್ರಕಟಿಸಿದ 'ಟ್ವೆಲ್ವ್-ಫ್ಯಾಕ್ಟರ್ ಆ್ಯಪ್' ಎಂಬ ಮಾರ್ಗಸೂಚಿಯು ಇಂತಹ ಮಾಹಿತಿಯನ್ನು ಪರಿಸರ ಚರಾಂಶಗಳಲ್ಲಿ ಇಡಲು ಸಲಹೆ ನೀಡುತ್ತದೆ. ಸ್ಪ್ರಿಂಗ್ ಬೂಟ್ ಚೌಕಟ್ಟಿನಲ್ಲಿ ಆಜ್ಞೆಯಲ್ಲಿ ಕೊಟ್ಟ ಮೌಲ್ಯಕ್ಕೆ ಪರಿಸರ ಚರಾಂಶಕ್ಕಿಂತಲೂ, ಪರಿಸರ ಚರಾಂಶಕ್ಕೆ ಸಂರಚನಾ ಕಡತಕ್ಕಿಂತಲೂ, ಹೊರಗಿನ ಕಡತಕ್ಕೆ ಜಾರ್‌ನೊಳಗಿನ ಕಡತಕ್ಕಿಂತಲೂ ಆದ್ಯತೆ ಇದೆ. ಕಡತವನ್ನು ತಿದ್ದಿದರೂ ಮೌಲ್ಯ ಬದಲಾಗದಿದ್ದರೆ ಈ ಕ್ರಮವನ್ನು ಪರಿಶೀಲಿಸಬೇಕು. ಬಳಕೆದಾರನ ಶೆಲ್ ಕಡತದಲ್ಲಿ ಬರೆದ ಚರಾಂಶಗಳು, ಲಿನಕ್ಸ್‌ನ ಸಿಸ್ಟಂಡಿ ಮೂಲಕ ಆರಂಭವಾಗುವ ಸೇವೆಗೆ ತಲುಪುವುದಿಲ್ಲ. ಕೈಯಿಂದ ಆರಂಭಿಸಿದಾಗ ನಡೆದು, ಸರ್ವರ್ ಮರುಚಾಲನೆಯ ಬಳಿಕ ನಿಲ್ಲುವ ತಂತ್ರಾಂಶಗಳಲ್ಲಿ ಇದು ಸಾಮಾನ್ಯ ಕಾರಣ.

ಆಡಳಿತ ತಂತ್ರಾಂಶಗಳಲ್ಲಿ ಊರು, ತಾಲ್ಲೂಕು ಮತ್ತು ಜಿಲ್ಲೆಗಳ ಹೆಸರುಗಳೂ ಬದಲಾಗುವ ಮಾಹಿತಿಯೇ. 2014ರ ನವೆಂಬರ್ 1ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು. ಅದೇ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿದ್ದ ಶಹಾಬಾದ್ ನಂತರ ಪ್ರತ್ಯೇಕ ತಾಲ್ಲೂಕಾಯಿತು. ಇಂತಹ ಹೆಸರುಗಳನ್ನು ಮೂಲ ಸಂಕೇತದಲ್ಲಿಯೇ ಬರೆದಿದ್ದರೆ ಪ್ರತಿ ಬದಲಾವಣೆಗೂ ಮರುನಿರ್ಮಾಣ ಮತ್ತು ಮರುನಿಯೋಜನೆ ಅಗತ್ಯವಾಗುತ್ತದೆ. 2003ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇ-ಗವರ್ನಮೆಂಟ್ಸ್ ಫೌಂಡೇಶನ್‌ನ 'ಡಿಜಿಟ್' ಎಂಬ ಮುಕ್ತ ತಂತ್ರಾಂಶ ವೇದಿಕೆಯ ಸೇವೆಗಳು ಹೆಚ್ಚಾಗಿ ಜಾವಾ ಮತ್ತು ಸ್ಪ್ರಿಂಗ್ ಬೂಟ್ ಬಳಸುತ್ತವೆ. ಅದರಲ್ಲಿ ಮೂಲದತ್ತಾಂಶ ಮತ್ತು ಭಾಷಾ ಪಠ್ಯಗಳನ್ನು ಸೇವೆಗಳ ಸಂಕೇತದಿಂದ ಬೇರ್ಪಡಿಸಿ ಇಡಲಾಗಿದೆ.

## ಕನ್ನಡ ಪಠ್ಯದ ತೊಂದರೆಗಳು

### ಎನ್‌ಕೋಡಿಂಗ್

ಯುನಿಕೋಡ್‌ನಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಯುಟಿಎಫ್-8 ರೂಪದಲ್ಲಿ 3 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಕಲಬುರಗಿ ಜಿಲ್ಲೆಯ ಐದು ಊರುಗಳ ಹೆಸರುಗಳು ಹೀಗಿರುತ್ತವೆ:

| ಹೆಸರು | ಯುನಿಕೋಡ್ ಸಂಕೇತಗಳು | ಯುಟಿಎಫ್-8 ಬೈಟ್‌ಗಳು |
|---|---|---|
| ಸೇಡಂ | 4 | 12 |
| ವಾಡಿ | 4 | 12 |
| ಶಹಾಬಾದ್ | 7 | 21 |
| ಚಿಂಚೋಳಿ | 7 | 21 |
| ಚಿತ್ತಾಪುರ | 9 | 27 |

ಜಾವಾ 17 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ಎನ್‌ಕೋಡಿಂಗ್ ಸೂಚಿಸದೆ ಕಡತವನ್ನು ಓದಿದರೆ ಅಥವಾ ಬರೆದರೆ ಜೆವಿಎಂ ಕಾರ್ಯಾಚರಣಾ ವ್ಯವಸ್ಥೆಯ ಪೂರ್ವನಿಯೋಜಿತ ಎನ್‌ಕೋಡಿಂಗ್ ಬಳಸುತ್ತದೆ. ಇಂಗ್ಲಿಷ್ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ವಿಂಡೋಸ್-1252. ಭಾಷಾ ಹೊಂದಿಕೆಯಿಲ್ಲದ ಲಿನಕ್ಸ್ ಸರ್ವರ್‌ನಲ್ಲಿ ಆಸ್ಕಿ ಆಗಿರಬಹುದು. ವಿಂಡೋಸ್ ವ್ಯವಸ್ಥೆಯ ಪೂರ್ವನಿಯೋಜಿತ ಎನ್‌ಕೋಡಿಂಗ್ ಆಗಿ ಆರಿಸಬಹುದಾದ ಪ್ರತ್ಯೇಕ ಕನ್ನಡ ಕೋಡ್‌ಪೇಜ್ ಇಲ್ಲ. 2022ರ ಮಾರ್ಚ್‌ನಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ಪೂರ್ವನಿಯೋಜಿತವಾಯಿತು.

ಇಲ್ಲಿ ಎರಡು ಬಗೆಯ ಹಾನಿಗಳನ್ನು ಬೇರ್ಪಡಿಸಿ ನೋಡುವುದು ಮುಖ್ಯ.

ಮೊದಲನೆಯದು ಬರೆಯುವಾಗ ಆಗುವ ಹಾನಿ. ಆಸ್ಕಿಯಲ್ಲಿ ಕನ್ನಡದ ಸಂಕೇತಗಳಿಗೆ ಸ್ಥಾನವಿಲ್ಲದ ಕಾರಣ ಜಾವಾ ಪ್ರತಿಯೊಂದರ ಬದಲಿಗೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆಯುತ್ತದೆ. ಸೇಡಂ ಎಂಬುದೂ ವಾಡಿ ಎಂಬುದೂ ನಾಲ್ಕು ಪ್ರಶ್ನಾರ್ಥಕಗಳಾಗುತ್ತವೆ. ಶಹಾಬಾದ್ ಮತ್ತು ಚಿಂಚೋಳಿ ಎರಡೂ ಏಳು ಪ್ರಶ್ನಾರ್ಥಕಗಳಾಗುತ್ತವೆ. ಈ ರೂಪದಲ್ಲಿ ಉಳಿದ ದಾಖಲೆಯಿಂದ ಮೂಲ ಹೆಸರನ್ನು ಮರಳಿ ಪಡೆಯುವ ವಿಧಾನವಿಲ್ಲ. ದೋಷಸಂದೇಶವೂ ಬರುವುದಿಲ್ಲವಾದ್ದರಿಂದ ಹಾನಿ ಬಹುಕಾಲ ಗಮನಕ್ಕೆ ಬಾರದೆ ಇರಬಹುದು.

ಎರಡನೆಯದು ಓದುವಾಗ ಆಗುವ ತಪ್ಪು. ಸರಿಯಾದ ಯುಟಿಎಫ್-8 ಬೈಟ್‌ಗಳನ್ನು ಬೇರೆ ಎನ್‌ಕೋಡಿಂಗ್‌ನಲ್ಲಿ ಓದಿದರೆ ಪ್ರತಿಯೊಂದು ಕನ್ನಡ ಸಂಕೇತವೂ ಮೂರು ಅನ್ಯ ಚಿಹ್ನೆಗಳಾಗಿ ಕಾಣುತ್ತದೆ. ಮೂಲ ಕಡತ ಉಳಿದಿದ್ದರೆ ಮತ್ತೆ ಸರಿಯಾಗಿ ಓದಿದರೆ ಸಾಕು. ತಪ್ಪಾಗಿ ಓದಿದ ಪಠ್ಯವನ್ನೇ ಡೇಟಾಬೇಸ್‌ಗೆ ಉಳಿಸಿದ್ದರೆ, ಲ್ಯಾಟಿನ್-1 ಆಗಿ ಓದಿದ್ದ ಪಠ್ಯವನ್ನು ಪೂರ್ಣವಾಗಿ ಹಿಂದಿರುಗಿಸಬಹುದು. ವಿಂಡೋಸ್-1252ರಲ್ಲಿ 5 ಬೈಟ್‌ಗಳಿಗೆ ಅರ್ಥ ನಿಗದಿಯಾಗಿಲ್ಲ. ಅಂತಹ ಬೈಟ್ ಬಂದಾಗ ಜಾವಾ ಒಂದೇ ಬದಲಿ ಚಿಹ್ನೆಯನ್ನು ಹಾಕುತ್ತದೆ. ಕನ್ನಡದ ವಿರಾಮ ಚಿಹ್ನೆ (ಹಲಂತ) ಮತ್ತು ಉಕಾರಗಳ ಕೊನೆಯ ಬೈಟ್‌ಗಳು ಈ ಐದರಲ್ಲಿ ಸೇರಿವೆ. ಆದ್ದರಿಂದ ಸೇಡಂ, ವಾಡಿ, ಚಿಂಚೋಳಿ ಎಂಬ ಹೆಸರುಗಳು ಪೂರ್ಣವಾಗಿ ಮರಳುತ್ತವೆ. ಶಹಾಬಾದ್ ಎಂಬುದರ ಹಲಂತವೂ ಚಿತ್ತಾಪುರದ ಹಲಂತ ಮತ್ತು ಉಕಾರಗಳೂ ಕಳೆದುಹೋಗಿ, ಯಾವುದು ಎಲ್ಲಿತ್ತು ಎಂಬುದನ್ನು ಯಾಂತ್ರಿಕವಾಗಿ ಹೇಳಲಾಗುವುದಿಲ್ಲ.

ಪ್ರಾಪರ್ಟೀಸ್ ಕಡತಗಳಿಗೆ ಬೇರೆ ನಿಯಮವಿದೆ. ಭಾಷಾ ಪಠ್ಯಗಳ ರಿಸೋರ್ಸ್ ಬಂಡಲ್‌ಗಳನ್ನು ಜಾವಾ 9ರಿಂದ ಯುಟಿಎಫ್-8 ಎಂದು ಓದಲಾಗುತ್ತದೆ. ಹಿಂದಿನ ಆವೃತ್ತಿಗಳು ಲ್ಯಾಟಿನ್-1 ಎಂದು ಓದುತ್ತಿದ್ದವು. ಆದರೆ ಪ್ರಾಪರ್ಟೀಸ್ ಕ್ಲಾಸ್‌ಗೆ ಬೈಟ್ ಸ್ಟ್ರೀಮ್ ಕೊಟ್ಟರೆ ಇಂದಿಗೂ ಲ್ಯಾಟಿನ್-1 ಎಂದೇ ಓದುತ್ತದೆ. ಎನ್‌ಕೋಡಿಂಗ್ ನಿಗದಿಪಡಿಸಿದ ರೀಡರ್ ಕೊಡುವುದು ಇದಕ್ಕೆ ಪರಿಹಾರ.

ನುಡಿ, ಬರಹ ಮೊದಲಾದ ತಂತ್ರಾಂಶಗಳ ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಹಳೆಯ ದಾಖಲೆಗಳು ಈ ಎರಡೂ ಬಗೆಗೆ ಸೇರುವುದಿಲ್ಲ. ಅವುಗಳಲ್ಲಿ ಇರುವುದು ಲ್ಯಾಟಿನ್ ಸಂಕೇತಗಳೇ. ಫಾಂಟ್ ಅವುಗಳಿಗೆ ಕನ್ನಡದ ರೂಪ ಕೊಡುತ್ತದೆ. ಇಂತಹ ಪಠ್ಯಕ್ಕೆ ಪ್ರತ್ಯೇಕ ಪರಿವರ್ತಕ ಅಗತ್ಯ.

### ಉದ್ದ ಮತ್ತು ಸಮಾನತೆ

ಒರಾಕಲ್ ಡೇಟಾಬೇಸ್‌ನಲ್ಲಿ ಪಠ್ಯ ಕಾಲಂನ ಉದ್ದವನ್ನು ಪೂರ್ವನಿಯೋಜಿತವಾಗಿ ಬೈಟ್‌ಗಳಲ್ಲಿ ಅಳೆಯಲಾಗುತ್ತದೆ. ಡೇಟಾಬೇಸ್ ಯುಟಿಎಫ್-8 ಆಗಿದ್ದರೆ, 20 ಎಂದು ನಿಗದಿಪಡಿಸಿದ ಕಾಲಂನಲ್ಲಿ ವಾಡಿ ಹಿಡಿಸುತ್ತದೆ, 21 ಬೈಟ್‌ಗಳ ಚಿಂಚೋಳಿ ಹಿಡಿಸುವುದಿಲ್ಲ. ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷಿಸಿದಾಗ ಈ ದೋಷ ಕಾಣುವುದಿಲ್ಲ.

ಓಕಾರದಂತಹ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಹಲವು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಪೂರ್ಣವಾಗಿ ಬಿಡಿಸಿದ ರೂಪದಲ್ಲಿ ಚಿಂಚೋಳಿ 7ರ ಬದಲು 9 ಸಂಕೇತಗಳಾಗುತ್ತದೆ. ಕಣ್ಣಿಗೆ ಒಂದೇ ಆಗಿ ಕಂಡರೂ ಜಾವಾ ಇವೆರಡನ್ನು ಬೇರೆ ಎಂದು ಪರಿಗಣಿಸುತ್ತದೆ. ಮ್ಯಾಕ್ ಗಣಕಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿ ಇಡುತ್ತಿದ್ದುದರಿಂದ, ಅಲ್ಲಿಂದ ಲಿನಕ್ಸ್‌ಗೆ ಸಾಗಿಸಿದ ಕಡತ ಹೆಸರಿನಿಂದ ಹುಡುಕಿದಾಗ ದೊರೆಯದೆ ಇರಬಹುದು. ಜಾವಾದ ನಾರ್ಮಲೈಸರ್ ಕ್ಲಾಸ್ ಮೂಲಕ ಹೋಲಿಕೆಗೆ ಮೊದಲು ಒಂದೇ ರೂಪಕ್ಕೆ ತರಬೇಕು.

### ಮುದ್ರಣ

ವಿಂಡೋಸ್ ಗಣಕದಲ್ಲಿ ತುಂಗಾ ಅಥವಾ ನಿರ್ಮಲಾ ಯುಐ ಫಾಂಟ್ ಇರುವುದರಿಂದ ಕನ್ನಡ ಸರಿಯಾಗಿ ಕಾಣುತ್ತದೆ. ಫಾಂಟ್‌ಗಳಿಲ್ಲದ ಲಿನಕ್ಸ್ ಸರ್ವರ್‌ನಲ್ಲಿ ಅದೇ ತಂತ್ರಾಂಶ ರಚಿಸಿದ ಚಿತ್ರ ಅಥವಾ ವರದಿಯಲ್ಲಿ ಖಾಲಿ ಚೌಕಗಳು ಮೂಡುತ್ತವೆ. ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಫಾಂಟ್ ಸ್ಥಾಪಿಸುವುದು ಪರಿಹಾರ. ಕೆಲವು ಪಿಡಿಎಫ್ ಲೈಬ್ರರಿಗಳು ಭಾರತೀಯ ಲಿಪಿಗಳ ಜೋಡಣೆಯನ್ನು ಬೆಂಬಲಿಸುವುದಿಲ್ಲ. ಆಗ ಫಾಂಟ್ ಇದ್ದರೂ ಚಿತ್ತಾಪುರದ ಒತ್ತಕ್ಷರ ಬಿಡಿಯಾಗಿ ಮುದ್ರಿತವಾಗುತ್ತದೆ.

## ಸಮಯವಲಯ, ಸ್ಮೃತಿ ಮತ್ತು ಜಾಲ

ಭಾರತೀಯ ಕಾಲಮಾನವು ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿದೆ. ಕ್ಲೌಡ್ ಸರ್ವರ್‌ಗಳು ಹೆಚ್ಚಾಗಿ ಯುಟಿಸಿ ಬಳಸುತ್ತವೆ. ಭಾರತದ ಮಧ್ಯರಾತ್ರಿಯ ಕ್ಷಣವಾಗಿ ಉಳಿಸಿದ ಜನ್ಮದಿನಾಂಕವನ್ನು ಅಲ್ಲಿ ಓದಿದರೆ ಹಿಂದಿನ ದಿನದ ಸಂಜೆ 6:30 ಎಂದಾಗಿ, ದಿನಾಂಕವೇ ಒಂದು ದಿನ ಹಿಂದೆ ಸರಿಯುತ್ತದೆ. ಜಾವಾ 8ರಲ್ಲಿ ಬಂದ 'ಲೋಕಲ್‌ಡೇಟ್' ಕ್ಲಾಸ್ ವೇಳೆಯಿಲ್ಲದ ದಿನಾಂಕವನ್ನಷ್ಟೇ ಇಡುವುದರಿಂದ ಈ ತೊಂದರೆಯನ್ನು ತಪ್ಪಿಸುತ್ತದೆ.

ಮಿತಿ ಸೂಚಿಸದಿದ್ದರೆ ಜೆವಿಎಂ ಸಾಮಾನ್ಯವಾಗಿ ಲಭ್ಯ ಸ್ಮೃತಿಯ ನಾಲ್ಕನೇ ಒಂದು ಭಾಗವನ್ನು ಹೀಪ್‌ನ ಗರಿಷ್ಠ ಮಿತಿಯಾಗಿ ಇಟ್ಟುಕೊಳ್ಳುತ್ತದೆ. ಜಾವಾ 10ಕ್ಕಿಂತ ಹಿಂದಿನ ಹಲವು ಬಿಡುಗಡೆಗಳು ಕಂಟೇನರ್‌ನ ಮಿತಿಯನ್ನು ಗುರುತಿಸದೆ ಇಡೀ ಯಂತ್ರದ ಸ್ಮೃತಿಯನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದವು. ಯಾವುದೇ ಜಾವಾ ದೋಷಸಂದೇಶವಿಲ್ಲದೆ 137 ಎಂಬ ನಿರ್ಗಮನ ಸಂಖ್ಯೆಯೊಂದಿಗೆ ಕಂಟೇನರ್ ನಿಂತರೆ ಸ್ಮೃತಿಯ ಮಿತಿ ಮೀರಿರುವ ಸಾಧ್ಯತೆ ಹೆಚ್ಚು.

'ಬೈಂಡ್‌ಎಕ್ಸೆಪ್ಶನ್' ಬಂದರೆ ಆ ಪೋರ್ಟ್ ಅನ್ನು ಬೇರೊಂದು ಪ್ರಕ್ರಿಯೆ ಬಳಸುತ್ತಿರಬಹುದು. ಸುರಕ್ಷಿತ ಸಂಪರ್ಕದಲ್ಲಿ ಪ್ರಮಾಣಪತ್ರದ ಸರಪಳಿ ದೊರೆಯಲಿಲ್ಲ ಎಂಬ ದೋಷ ಬಂದರೆ, ಸಂಬಂಧಪಟ್ಟ ಪ್ರಮಾಣಪತ್ರವನ್ನು ಕೀಟೂಲ್ ಮೂಲಕ ಜಾವಾದ ವಿಶ್ವಾಸಭಂಡಾರಕ್ಕೆ ಸೇರಿಸಬೇಕು. ಪ್ರಮಾಣಪತ್ರ ಪರಿಶೀಲನೆಯನ್ನೇ ನಿಷ್ಕ್ರಿಯಗೊಳಿಸುವುದು ಸುರಕ್ಷತೆಯನ್ನು ಕಳೆಯುತ್ತದೆ.

## ದೋಷ ಪತ್ತೆಯ ಕ್ರಮ

1. ಕನ್ನಡ ಪಠ್ಯ ಹಾಳಾಗಿರುವ ಶಂಕೆಯಿದ್ದರೆ ಮೊದಲು ಬರವಣಿಗೆಯನ್ನು ನಿಲ್ಲಿಸಿ, ಇರುವ ದತ್ತಾಂಶದ ಪ್ರತಿಯನ್ನು ತೆಗೆದಿಡಬೇಕು.
2. ಲಾಗ್‌ನಲ್ಲಿನ ದೋಷಸರಣಿಯನ್ನು ಪೂರ್ಣವಾಗಿ ಓದಬೇಕು. ಮೂಲ ಕಾರಣ ಸಾಮಾನ್ಯವಾಗಿ ಕೊನೆಯ 'ಕಾಸ್ಡ್ ಬೈ' ಸಾಲಿನಲ್ಲಿರುತ್ತದೆ.
3. ಜಾವಾ ಆವೃತ್ತಿ, ಕ್ಲಾಸ್‌ಪಾತ್, ಕಾರ್ಯನಿರತ ಕಡತಕೋಶ, ಎನ್‌ಕೋಡಿಂಗ್, ಸಮಯವಲಯ ಇವುಗಳನ್ನು ಎರಡೂ ಪರಿಸರಗಳಲ್ಲಿ ಮುದ್ರಿಸಿ ಹೋಲಿಸಬೇಕು.
4. ಸೇವೆ ಯಾವ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆಯೋ ಅದೇ ಹೆಸರಿನಲ್ಲಿ ಆಜ್ಞೆಯನ್ನು ಕೈಯಿಂದ ನಡೆಸಿ ನೋಡಬೇಕು.
5. ಪಠ್ಯದ ದೋಷವಾದರೆ ಡೇಟಾಬೇಸ್‌ನಲ್ಲಿರುವ ಬೈಟ್‌ಗಳನ್ನು ಪರಿಶೀಲಿಸಿ, ಹಾನಿ ಸಂಗ್ರಹದಲ್ಲಾಗಿದೆಯೋ ಪ್ರದರ್ಶನದಲ್ಲಷ್ಟೇ ಇದೆಯೋ ಎಂಬುದನ್ನು ನಿರ್ಧರಿಸಬೇಕು.
6. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲಿತಾಂಶವನ್ನು ದಾಖಲಿಸಬೇಕು.

## ಮುನ್ನೆಚ್ಚರಿಕೆ

ಮೇವನ್ ಅಥವಾ ಗ್ರೇಡಲ್‌ನಂತಹ ನಿರ್ಮಾಣ ಸಾಧನದಿಂದ ಮಾತ್ರ ಜಾರ್ ತಯಾರಿಸುವುದು, ಎನ್‌ಕೋಡಿಂಗ್ ಮತ್ತು ಸಮಯವಲಯಗಳನ್ನು ಸ್ಪಷ್ಟವಾಗಿ ಬರೆಯುವುದು, ಕಂಟೇನರ್ ಮೂಲಕ ಎರಡೂ ಪರಿಸರಗಳನ್ನು ಸಮೀಪಕ್ಕೆ ತರುವುದು ರೂಢಿಯಲ್ಲಿರುವ ಕ್ರಮಗಳು. ಕಂಟೇನರ್ ಕೂಡ ಫಾಂಟ್‌ಗಳನ್ನಾಗಲಿ ಭಾಷಾ ಹೊಂದಿಕೆಯನ್ನಾಗಲಿ ತಾನಾಗಿ ಒದಗಿಸುವುದಿಲ್ಲ. ಸಂಯುಕ್ತಾಕ್ಷರ, ಉಕಾರ, ಓಕಾರ ಮತ್ತು ಹಲಂತಗಳಿರುವ ಹೆಸರುಗಳನ್ನು ಸರ್ವರ್‌ನಲ್ಲಿಯೇ ಬರೆದು, ಮರಳಿ ಓದಿ, ಮುದ್ರಿಸಿ ನೋಡಿದ ಬಳಿಕವೇ ಕನ್ನಡ ತಂತ್ರಾಂಶವನ್ನು ಸಾರ್ವಜನಿಕ ಬಳಕೆಗೆ ತೆರೆಯುವುದು ಕ್ಷೇಮಕರ.

## ಇವನ್ನೂ ನೋಡಿ

* ಜಾವಾ (ಪ್ರೋಗ್ರಾಮಿಂಗ್ ಭಾಷೆ)
* ಯುನಿಕೋಡ್
* ನುಡಿ (ತಂತ್ರಾಂಶ)
* ಕಲಬುರಗಿ ಜಿಲ್ಲೆ