ಹಡಗಿನ ಒಡಲೊಳಗೆ ಉಸಿರಿನ ಏರ್ಪಾಡು

ಇಂಗ್ಲೆಂಡು ಮತ್ತು ವೇಲ್ಸ್‌ಗಳ ನಡುವೆ ಸೆವೆರ್ನ್ ನದಿಯ ತಳದಲ್ಲಿ ರೈಲುಸುರಂಗವನ್ನು ಕೊರೆಯುತ್ತಿದ್ದ ಕಾಲದಲ್ಲಿ, ೧೮೭೯ನೆಯ ಇಸವಿಯಲ್ಲಿ, ನೆಲದೊಳಗಿನ ಮಹಾಸೆಲೆಯೊಂದು ಒಡೆದು ನುಗ್ಗಿ ಸುರಂಗವೆಲ್ಲ ಜಲಮಯವಾಯಿತು. ಆ ನೀರನ್ನು ಪಂಪುಗಳಿಂದ ಎತ್ತಿಹಾಕಬೇಕಾದರೆ, ಒಳಗೆ ಸುಮಾರು ೩೦೦ ಮೀಟರ್ ದೂರದಲ್ಲಿ ತೆರೆದೇ ಉಳಿದಿದ್ದ ಕಬ್ಬಿಣದ ಬಾಗಿಲೊಂದನ್ನು ಯಾರಾದರೂ ಹೋಗಿ ಮುಚ್ಚಿಬರಬೇಕಾಗಿತ್ತು. ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಧೀರ ಮುಳುಗುಗಾರ ೧೮೮೦ರಲ್ಲಿ ಮೊದಲು ಮೇಲಿನಿಂದ ಗಾಳಿ ತರುವ ಉದ್ದನೆಯ ಕೊಳವೆಯನ್ನು ಎಳೆದುಕೊಂಡು ಹೊರಟನಾದರೂ, ಗಾಢಾಂಧಕಾರದಲ್ಲಿ ಅದನ್ನು ಅಷ್ಟು ದೂರ ಎಳೆದೊಯ್ಯುವುದು ಮನುಷ್ಯಶಕ್ತಿಗೆ ಮೀರಿದ ಕೆಲಸವಾಗಿ, ಬಾಗಿಲನ್ನು ಮುಟ್ಟದೆಯೇ ಹಿಂದಿರುಗಬೇಕಾಯಿತು. ಆಮೇಲೆ, ಹೆನ್ರಿ ಫ್ಲ್ಯೂಸ್ ಎಂಬಾತ ಆಗಷ್ಟೇ ನಿರ್ಮಿಸಿದ್ದ, ಬಿಟ್ಟ ಉಸಿರನ್ನೇ ಶುದ್ಧಗೊಳಿಸಿ ಮತ್ತೆ ಒದಗಿಸುವ ಉಪಕರಣವನ್ನು ಬೆನ್ನಿಗೆ ಕಟ್ಟಿಕೊಂಡು, ಯಾವ ಕೊಳವೆಯ ಹಂಗೂ ಇಲ್ಲದೆ ಆತ ಒಳಹೊಕ್ಕು ಆ ಬಾಗಿಲನ್ನು ಮುಚ್ಚಿ ಬಂದನು.

ಆ ಸುರಂಗದಲ್ಲಿ ಗೆದ್ದ ತತ್ತ್ವವೇ ಸುಮಾರು ಒಂದೂವರೆ ಶತಮಾನದ ಸಂಸ್ಕಾರವನ್ನು ಪಡೆದು, ಇಂದು ರೀಬ್ರೀದರ್ ಎಂಬ ಹೆಸರಿನಿಂದ, ಆಳಸಮುದ್ರದ ಭಗ್ನನೌಕೆಗಳನ್ನು ಹೊಕ್ಕು ಶೋಧಿಸುವವರ ಬೆನ್ನೇರಿದೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಉಡುಪಿನಲ್ಲಿ ನೀರಿಗಿಳಿದವರು, ಪ್ರತಿಯೊಂದು ನಿಃಶ್ವಾಸದೊಡನೆ ಗುಳ್ಳೆಗಳ ಗೊಂಚಲು ಮೇಲೇರಿಹೋಗುವುದನ್ನು ಕಂಡಿರುತ್ತಾರೆ. ನಾವು ಒಳಗೆಳೆದ ಗಾಳಿಯಲ್ಲಿ ನೂರಕ್ಕೆ ೨೧ ಪಾಲು ಇರುವ ಆಮ್ಲಜನಕದೊಳಗೆ ದೇಹ ಹೀರಿಕೊಳ್ಳುವುದು ನಾಲ್ಕೈದು ಪಾಲನ್ನು ಮಾತ್ರ. ಉಳಿದುದೆಲ್ಲ ಆ ಗುಳ್ಳೆಗಳೊಡನೆ ವ್ಯರ್ಥವಾಗಿ ಹೊರಟುಹೋಗುತ್ತದೆ. ರೀಬ್ರೀದರಿನಲ್ಲಾದರೋ ಉಸಿರು ಹೊರಹೋಗುವುದಿಲ್ಲ. ಅದು ಒಂದು ಕೊಳವೆಯ ಮೂಲಕ ಹೊರಟು, ಸೋಡಾ ಸುಣ್ಣದ ಹರಳುಗಳನ್ನು ತುಂಬಿದ ಡಬ್ಬಿಯನ್ನು ಹಾದು, ಅಲ್ಲಿ ತನ್ನ ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು, ದೇಹ ಬಳಸಿದಷ್ಟೇ ಆಮ್ಲಜನಕವನ್ನು ಹೊಸದಾಗಿ ಕೂಡಿಸಿಕೊಂಡು, ಇನ್ನೊಂದು ಕೊಳವೆಯಿಂದ ಬಾಯಿಗೆ ಮರಳುತ್ತದೆ. ಮೆತ್ತನೆಯ ಉಸಿರಚೀಲಗಳೆರಡು ಈ ಸುತ್ತಿನಲ್ಲಿ ಶ್ವಾಸಕೋಶದ ಏರಿಳಿತಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತಿರುತ್ತವೆ.

ಇದರ ಲಾಭ ಆಳಕ್ಕೆ ಇಳಿದಷ್ಟೂ ಹೆಚ್ಚುತ್ತದೆ. ಪ್ರತಿ ೧೦ ಮೀಟರಿಗೆ ಒಂದು ಬಾರ್‌ನಂತೆ ಒತ್ತಡ ಏರುವ ಕಾರಣ, ೬೦ ಮೀಟರ್ ಆಳದಲ್ಲಿ ಸಾಧಾರಣ ಸ್ಕೂಬಾದವನು ಪ್ರತಿ ಉಸಿರಿಗೂ ಮೇಲ್ಮೈಗಿಂತ ಏಳರಷ್ಟು ಅನಿಲವನ್ನು ವ್ಯಯಮಾಡುತ್ತಾನೆ. ಆದರೆ ದೇಹ ನಿಜವಾಗಿ ಸುಡುವ ಆಮ್ಲಜನಕ, ಎಷ್ಟು ಆಳದಲ್ಲೇ ಇರಲಿ, ನಿಮಿಷಕ್ಕೆ ಒಂದು ಲೀಟರಿನ ಆಸುಪಾಸು. ಮೂರು ಲೀಟರ್ ಹಿಡಿಯುವ ಪುಟ್ಟ ಸಿಲಿಂಡರಿನಲ್ಲಿ ೨೦೦ ಬಾರ್ ಒತ್ತಡಕ್ಕೆ ತುಂಬಿದ ೬೦೦ ಲೀಟರ್ ಆಮ್ಲಜನಕ ಹತ್ತು ಗಂಟೆಗೆ ಸಾಲುತ್ತದೆ. ಭಗ್ನನೌಕೆಯ ಒಳಗೆ ಇನ್ನೊಂದು ಲಾಭವೂ ಉಂಟು. ತೆರೆದ ಸ್ಕೂಬಾದ ಗುಳ್ಳೆಗಳು ಮೇಲಿನ ಉಕ್ಕಿನ ತಟ್ಟೆಗೆ ಬಡಿದು ದಶಕಗಳ ತುಕ್ಕನ್ನು ಮಳೆಗರೆಯುತ್ತವೆ, ಕ್ಷಣಮಾತ್ರದಲ್ಲಿ ಕೈಯ ಬೆರಳೂ ಕಾಣದಂತಾಗುತ್ತದೆ. ಗುಳ್ಳೆಯಿಲ್ಲದ ಯಂತ್ರವನ್ನು ಹೊತ್ತವನು ಆ ಕೊಠಡಿಯನ್ನು ಅದಿದ್ದಂತೆಯೇ ನೋಡಬಲ್ಲನು.

ಆದರೆ ಈ ಯಂತ್ರ ಕೆಟ್ಟರೆ ಕೂಗಿ ಹೇಳುವ ಜಾತಿಯದಲ್ಲ. ಸುತ್ತಿನಲ್ಲಿ ಆಮ್ಲಜನಕದ ಆಂಶಿಕ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಅದರ ಪಾಲು, ೦.೧೬ ಬಾರ್‌ಗಿಂತ ಇಳಿದರೆ ಮನುಷ್ಯ ಯಾವ ಮುನ್ಸೂಚನೆಯೂ ಇಲ್ಲದೆ ಎಚ್ಚರ ತಪ್ಪಬಹುದು, ೧.೬ನ್ನು ಮೀರಿದರೆ ಅಪಸ್ಮಾರದಂಥ ಸೆಳವು ಬಂದು ಬಾಯಿತುಂಡು ಜಾರಿ ನೀರು ಕುಡಿಯಬಹುದು; ಸುಣ್ಣ ಸೋತು ಇಂಗಾಲದ ಡೈಆಕ್ಸೈಡ್ ಉಳಿದರೆ ಏದುಸಿರು, ತಲೆಸಿಡಿತ, ವಿವೇಕಭ್ರಂಶ. ಹೊರಗಿನ ಮುಕ್ತಜಲದಲ್ಲಿ ಹೇಗೋ ಸುಧಾರಿಸಿಕೊಳ್ಳಬಹುದಾದ ತಪ್ಪು, ಹಡಗಿನ ಮೂರನೆಯ ಅಂತಸ್ತಿನ ಓಣಿಯಲ್ಲಿ ಸುಧಾರಣೆಗೆ ಎಡೆಗೊಡುವುದಿಲ್ಲ. ಆದಕಾರಣವೇ, ಕಾರ್ಖಾನೆಯಿಂದ ಬಂದ ಯಂತ್ರವನ್ನು ಇಂಥ ಮುಳುಗಿಗೆಂದು ತಿದ್ದಿ ಒಗ್ಗಿಸಿಕೊಳ್ಳುವ ಕಾರ್ಯದಲ್ಲಿ ಶೋಕಿಗೆ ಸ್ಥಳವಿಲ್ಲ. ಉಸಿರು ಕೆಟ್ಟ ಕ್ಷಣದಲ್ಲಿ ಕೈ ಎಲ್ಲಿಗೆ ಹೋಗಬೇಕು ಎಂಬ ಒಂದೇ ಪ್ರಶ್ನೆಯಿಂದ ಪ್ರತಿಯೊಂದು ತಿದ್ದುಪಡಿಯೂ ಹುಟ್ಟಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಉದಾಹರಣೆಗೆ ಒಂದು ಹಡಗನ್ನೇ ಎದುರಿಗಿಟ್ಟುಕೊಳ್ಳೋಣ. ಟೈಟಾನಿಕ್‌ನ ಸೋದರನೌಕೆಯಾದ ಬ್ರಿಟಾನಿಕ್, ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಹಡಗಾಗಿ ಸಂಚರಿಸುತ್ತಿದ್ದಾಗ, ೧೯೧೬ರ ನವೆಂಬರ್ ೨೧ರಂದು ಗ್ರೀಸಿನ ಕೀಯಾ ದ್ವೀಪದ ಬಳಿ ಸಿಡಿಗುಂಡಿಗೆ ತಗುಲಿ ೫೫ ನಿಮಿಷಗಳಲ್ಲಿ ಮುಳುಗಿತು. ಹಡಗಿನಲ್ಲಿದ್ದ ಸಾವಿರಕ್ಕೂ ಮಿಕ್ಕ ಜನರಲ್ಲಿ ಸತ್ತವರು ೩೦ ಮಂದಿ. ೧೯೭೫ರಲ್ಲಿ ಸಮುದ್ರಾನ್ವೇಷಕ ಝಾಕ್ ಕುಸ್ಟೊ ಅದನ್ನು ಪತ್ತೆಹಚ್ಚಿದನು. ಬಲಮಗ್ಗುಲಿಗೆ ಒರಗಿ ಸುಮಾರು ೧೨೦ ಮೀಟರ್ ಆಳದಲ್ಲಿ ಮಲಗಿರುವ ಆ ನೌಕೆಯಿಂದ ಗಂಟೆಯನ್ನೂ ದಿಕ್ಕುದೀಪವನ್ನೂ ದುರ್ಬೀನನ್ನೂ ೨೦೨೫ರ ಮೇ ತಿಂಗಳಲ್ಲಿ ಮೇಲಕ್ಕೆ ತಂದವರು ರೀಬ್ರೀದರ್ ಧರಿಸಿದ್ದ ಹನ್ನೊಂದು ಮಂದಿ ಮುಳುಗುಗಾರರು. ಅಲ್ಲಿನ ಒತ್ತಡ ೧೩ ಬಾರ್. ಈ ಒಂದು ಸಂಖ್ಯೆ ಯಂತ್ರದ ಬಹುಪಾಲು ವಿನ್ಯಾಸವನ್ನು ತಾನೇ ನಿರ್ಧರಿಸಿಬಿಡುತ್ತದೆ.

ಮೊದಲನೆಯದಾಗಿ ಅನಿಲ. ಉಸಿರಚೀಲಗಳನ್ನು ತುಂಬಲು ಆಮ್ಲಜನಕದ ಜೊತೆಗೆ ಬೇರೊಂದು ಸಿಲಿಂಡರಿನಲ್ಲಿ ಮಿಶ್ರಣವೊಂದನ್ನು ಒಯ್ಯಬೇಕು. ಬರಿಯ ಗಾಳಿಯನ್ನೇ ಒಯ್ದರೆ ೧೨೦ ಮೀಟರಿನಲ್ಲಿ ಅದರ ಸಾಂದ್ರತೆ ಲೀಟರಿಗೆ ೧೬ ಗ್ರಾಂ ಆಗುತ್ತದೆ. ಲೀಟರಿಗೆ ೬ ಗ್ರಾಂ ದಾಟಿದ ಅನಿಲವನ್ನು ಎಳೆದು ಬಿಡುವಷ್ಟರಲ್ಲಿಯೇ ದೇಹ ಬಳಲಿ, ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಶೇಖರವಾಗತೊಡಗುತ್ತದೆಂದು ಇತ್ತೀಚಿನ ವೈದ್ಯಶೋಧನೆಗಳು ಎಚ್ಚರಿಸುತ್ತವೆ. ಸಾರಜನಕದ ಅಮಲು ಬೇರೆ. ಆದ್ದರಿಂದ ಹೀಲಿಯಂ. ನೂರಕ್ಕೆ ೮ ಪಾಲು ಆಮ್ಲಜನಕ, ೭೫ ಪಾಲು ಹೀಲಿಯಂ, ೧೭ ಪಾಲು ಸಾರಜನಕ ಎಂದು ಬೆರೆಸಿದರೆ ಆ ಆಳದಲ್ಲಿಯೂ ಸಾಂದ್ರತೆ ೬ ಗ್ರಾಮಿನ ಒಳಗೇ ನಿಲ್ಲುತ್ತದೆ, ತಲೆ ಸ್ಪಷ್ಟವಾಗಿರುತ್ತದೆ. ಎಂಟೇ ಪಾಲು ಆಮ್ಲಜನಕವೇಕೆಂದರೆ, ೧೩ ಬಾರ್‌ನಲ್ಲಿ ಅದರ ಆಂಶಿಕ ಒತ್ತಡ ೧.೦೪ ಬಾರ್ ಆಗುತ್ತದೆ, ಸುತ್ತಿನಲ್ಲಿ ಆಮ್ಲಜನಕ ಮಿತಿಮೀರಿದಾಗ ಈ ಮಿಶ್ರಣವನ್ನು ಹಾಯಿಸಿ ತೊಳೆದು ಇಳಿಸಬಹುದು. ಆದರೆ ಇದೇ ಮಿಶ್ರಣವನ್ನು ದೋಣಿಯ ಮೇಲೆ ಉಸಿರಾಡುತ್ತ ಹೋದವನು ಮೂರ್ಛೆಹೋಗುತ್ತಾನೆ. ಹಾಗಾಗಿ ಇಳಿಯುವಾಗಿನ ಮೊದಲ ಮೀಟರುಗಳಿಗೆ ಬೇರೆ ಅನಿಲ, ಅದಕ್ಕೆ ಬೇರೆ ವಾಲ್ವು, ಕತ್ತಲಲ್ಲಿ ಮುಟ್ಟಿ ಗುರುತಿಸಬಹುದಾದ ಬೇರೆ ಆಕಾರದ ಗುಬ್ಬಿ.

ಎರಡನೆಯದು ಆಮ್ಲಜನಕ ಒಳಬರುವ ದಾರಿ. ಕೆಲವು ಯಂತ್ರಗಳಲ್ಲಿ ಸೆನ್ಸರುಗಳು ಅಳೆದು, ಕೊರತೆ ಕಂಡಾಗ ವಿದ್ಯುತ್ ಕವಾಟವೊಂದು ಟಿಕ್ಕೆಂದು ತೆರೆದುಕೊಳ್ಳುತ್ತದೆ. ಪಳಗಿದವರು ಆ ಸಣ್ಣ ಸದ್ದಿನ ಲಯದಿಂದಲೇ ಯಂತ್ರದ ಆರೋಗ್ಯವನ್ನು ತಿಳಿಯುತ್ತಾರೆ. ಇನ್ನು ಕೆಲವುಗಳಲ್ಲಿ ಸೂಜಿಮೊನೆಯಷ್ಟು ರಂಧ್ರದ ಮೂಲಕ ಆಮ್ಲಜನಕ ಸದಾ ಒಸರುತ್ತಿದ್ದು, ಸಾಲದಾದುದನ್ನು ಮುಳುಗುಗಾರ ಗುಂಡಿಯೊತ್ತಿ ತಾನೇ ಕೂಡಿಸುತ್ತಾನೆ. ಸರಳವೂ ವಿಶ್ವಾಸಾರ್ಹವೂ ಆದ ಈ ಎರಡನೆಯ ಏರ್ಪಾಡಿಗೆ ಆಳದಲ್ಲೊಂದು ತೊಡಕುಂಟು. ಒಸರು ಎಲ್ಲ ಆಳದಲ್ಲಿಯೂ ಏಕರೀತಿಯಾಗಿರಲೆಂದು ಅದರ ರೆಗ್ಯುಲೇಟರನ್ನು ಹತ್ತು ಹನ್ನೊಂದು ಬಾರ್‌ನ ಒಂದೇ ಒತ್ತಡಕ್ಕೆ ಬಂಧಿಸಿರುತ್ತಾರೆ. ಹೊರಗಿನ ನೀರೇ ೧೩ ಬಾರ್ ಒತ್ತುವಲ್ಲಿ ಆಮ್ಲಜನಕ ಒಳಬರುವುದೆಂತು? ಗುಂಡಿಯೊತ್ತಿದರೂ ಬಾರದು. ಬ್ರಿಟಾನಿಕ್‌ನಂಥ ಹಡಗಿಗೆ ಹೊರಡುವವರು ಆ ರಂಧ್ರವನ್ನು ತೆಗೆದು, ಆಳದೊಡನೆ ಒತ್ತಡವನ್ನು ಏರಿಸಿಕೊಳ್ಳುವ ಸಾಧಾರಣ ರೆಗ್ಯುಲೇಟರನ್ನೂ ಕೈಯಿಂದ ತಿರುಗಿಸಿ ಹೊಂದಿಸುವ ಸೂಜಿ ಕವಾಟವನ್ನೂ ಜೋಡಿಸಿಕೊಳ್ಳುತ್ತಾರೆ. ವಿದ್ಯುತ್ ಕವಾಟವನ್ನು ಕೆಳಮಟ್ಟದ ಕಾವಲಿಗಿಟ್ಟು, ನಿತ್ಯದ ಆಡಳಿತವನ್ನು ಕೈಗೆ ಒಪ್ಪಿಸುವ ಮಿಶ್ರಪದ್ಧತಿಯೇ ಎಲ್ಲಕ್ಕಿಂತ ಶ್ರೇಷ್ಠವೆಂದು ನನಗೆ ತೋರುತ್ತದೆ, ಏಕೆಂದರೆ ಕೈಯಿಂದ ನಡೆಸುವವನ ಕಣ್ಣು ಅಳತೆಪಟ್ಟಿಯನ್ನು ಬಿಟ್ಟು ಹೋಗುವುದಿಲ್ಲ.

ಅಳೆಯುವ ಸೆನ್ಸರುಗಳು ಸಾಮಾನ್ಯವಾಗಿ ಮೂರು. ಎರಡು ಒಂದು ಹೇಳಿ ಮೂರನೆಯದು ಬೇರೆ ಹೇಳಿದರೆ ಬಹುಮತವನ್ನು ನಂಬುವುದು ಯಂತ್ರದ ನಿಯಮ. ಒಳಗಿನ ಸೀಸ ತೀರಿದ ಹಾಗೆ ಇವು ಮುಪ್ಪಾಗುತ್ತವೆ. ಮೂರನ್ನೂ ಒಂದೇ ದಿನ ಕೊಂಡು ಹಾಕಿದವನಿಗೆ ಎರಡು ಮುದಿ ಸೆನ್ಸರುಗಳು ಸೇರಿ ಸರಿಯಾದ ಒಂದನ್ನು ಸೋಲಿಸುವ ಅಪಾಯ ತಪ್ಪಿದ್ದಲ್ಲ. ಆದಕಾರಣ ಬಲ್ಲವರು ಅವುಗಳನ್ನು ಸರದಿಯಂತೆ ಬದಲಿಸಿ, ಪ್ರತಿಯೊಂದರ ಮೇಲೂ ದಿನಾಂಕವನ್ನು ಬರೆದಿಡುತ್ತಾರೆ. ಆಳದಲ್ಲಿ ಸಂಶಯ ಬಂದಾಗ ಮೇಲೆ ಹೇಳಿದ ಮಿಶ್ರಣದಿಂದ ಸುತ್ತನ್ನು ತೊಳೆದು, ೧.೦೪ ತೋರಿಸಿದ ಸೆನ್ಸರನ್ನು ನಂಬುತ್ತಾರೆ.

ದೇಹದ ಮೇಲಿನ ಜೋಡಣೆಯಲ್ಲಿ ಹಡಗೇ ಗುರು. ಹೆಗಲ ಮೇಲಿನಿಂದ ಎದೆಗೆ ಇಳಿಯುವ ಉಸಿರಚೀಲಗಳು ಉಸಿರಾಟಕ್ಕೆ ಹಗುರ. ಆದರೆ ಎದೆಯೂರಿ ತೆವಳಬೇಕಾದ ಸಂದಿಯಲ್ಲಿ ಅವು ಅಡ್ಡಬರುತ್ತವೆ, ಚೂಪಾದ ತುಕ್ಕುತಟ್ಟೆಗೆ ಸಿಕ್ಕಿ ಹರಿಯುತ್ತವೆ. ಬೆನ್ನಿನ ಚೀಲಗಳಲ್ಲಿ ಎದೆ ಬಯಲಾಗುತ್ತದೆ. ಆದರೆ ಬೋರಲಾಗಿ ಈಜುವಾಗ ಚೀಲ ಶ್ವಾಸಕೋಶಕ್ಕಿಂತ ಮೇಲಿರುವುದರಿಂದ ಪ್ರತಿ ಉಸಿರನ್ನೂ ತುಸು ಬಲದಿಂದ ಎಳೆದುಕೊಳ್ಳಬೇಕು. ಒಳಹೊಕ್ಕುವವರು ಈ ಶ್ರಮವನ್ನು ಒಪ್ಪಿ ಬೆನ್ನಿನದನ್ನೇ ಆರಿಸುವುದು ನ್ಯಾಯವೆನಿಸುತ್ತದೆ. ಆಮೇಲೆ ಬರುವುದು ಕಳೆಯುವ ಕೆಲಸ. ಹೊರಕ್ಕೆ ಕಮಾನಾಗಿ ನಿಂತ ಪ್ರತಿಯೊಂದು ಹೋಸೂ ಹಳೆಯ ಮೀನುಬಲೆಗೆ ಒಂದು ಆಮಂತ್ರಣ. ಅದನ್ನು ಅಳೆದು, ಗಿಡ್ಡದನ್ನು ಹಾಕಿ, ರಬ್ಬರ್ ಹುರಿಯಿಂದ ಪಟ್ಟಿಗೆ ಒತ್ತಿ ಕಟ್ಟುತ್ತಾರೆ. ಕೊಂಡಿಗಳನ್ನು ಲೋಹಕ್ಕೆ ಲೋಹ ಬಿಗಿಯದೆ ಹುರಿಯಲ್ಲೇ ಕಟ್ಟುವುದೂ ಸಿಕ್ಕಿಕೊಂಡರೆ ಕತ್ತರಿಸಲೆಂದೇ. ಕತ್ತರಿಸುವ ಸಾಧನಗಳು ಎರಡು, ಯಾವ ಕೈ ಸಿಕ್ಕಿಬಿದ್ದರೂ ಇನ್ನೊಂದು ಕೈಗೆ ನಿಲುಕುವ ಜಾಗಗಳಲ್ಲಿ.

ಸುಣ್ಣದ ಡಬ್ಬಿ ತುಂಬುವುದನ್ನು ಹತ್ತಿರದಿಂದ ನೋಡಿದರೆ ಈ ಜನರ ಶ್ರದ್ಧೆ ಅರ್ಥವಾಗುತ್ತದೆ. ಹರಳುಗಳನ್ನು ಎತ್ತರದಿಂದ ಸಣ್ಣಧಾರೆಯಾಗಿ ಸುರಿದು ಪುಡಿಯನ್ನು ಗಾಳಿಗೆ ಹಾರಲು ಬಿಟ್ಟು, ಸೇರಿನಲ್ಲಿ ಅಕ್ಕಿಯನ್ನು ಕುಲುಕಿ ಕೂರಿಸುವಂತೆ ಡಬ್ಬಿಯ ಪಕ್ಕಗಳನ್ನು ಅಂಗೈಯಿಂದ ತಟ್ಟಿ ತಟ್ಟಿ ಕೂರಿಸಿ, ಮತ್ತೆ ಸುರಿದು ಮತ್ತೆ ತಟ್ಟಿ, ಅಲುಗಿಸಿದರೆ ಸದ್ದೇ ಬರದಷ್ಟಾದಾಗ ಮುಚ್ಚಳವನ್ನು ಹಾಕುತ್ತಾರೆ. ಎಲ್ಲಾದರೂ ಒಂದು ಟೊಳ್ಳು ಉಳಿದರೆ ಉಸಿರು ಆ ದಾರಿಯಿಂದಲೇ ನುಸುಳಿ, ಶುದ್ಧವಾಗದೆ ಬಾಯಿಗೆ ಬರುತ್ತದೆ. ಎರಡೂವರೆ ಕಿಲೋ ಸುಣ್ಣ ತಣ್ಣೀರಿನಲ್ಲಿ ಸುಮಾರು ಮೂರು ಗಂಟೆ ಬಾಳಬಹುದು; ೧೨೦ ಮೀಟರಿನಲ್ಲಿ ಅರ್ಧಗಂಟೆ ಕಳೆದವನು ಮೆಟ್ಟಿಲು ಮೆಟ್ಟಿಲಾಗಿ ನಿಂತು ಮೇಲೇರಲು ಅದಕ್ಕಿಂತ ಹೆಚ್ಚು ಕಾಲ ಬೇಕಾಗುವುದರಿಂದ, ದೊಡ್ಡ ಡಬ್ಬಿಯೂ, ಸುಣ್ಣದೊಳಗಿನ ಬಿಸಿ ಎಲ್ಲಿಯವರೆಗೆ ಸರಿದಿದೆಯೆಂದು ತೋರಿಸುವ ಉಷ್ಣಮಾಪಕವೂ ಅಗತ್ಯವಾಗುತ್ತವೆ.

ಇಷ್ಟಾದ ಮೇಲೂ ಯಂತ್ರ ಕೈಕೊಟ್ಟರೆ? ಬೇಲ್‌ಔಟ್ ಎಂದು ಕರೆಯುವ ಮೀಸಲು ಸಿಲಿಂಡರುಗಳನ್ನು ಪಕ್ಕಕ್ಕೆ ಕಟ್ಟಿಕೊಂಡಿರುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ: ಮೇಲ್ಮೈಯಲ್ಲಿ ನಿಮಿಷಕ್ಕೆ ೨೦ ಲೀಟರ್ ಉಸಿರಾಡುವವನಿಗೆ ಅಲ್ಲಿ ೨೬೦ ಲೀಟರ್ ಬೇಕು, ೧೧ ಲೀಟರಿನ ಸಿಲಿಂಡರಿನಲ್ಲಿ ಇರುವುದು ೨,೨೦೦ ಲೀಟರ್, ಅಂದರೆ ಎಂಟು ನಿಮಿಷ ಚಿಲ್ಲರೆ. ಇಂಗಾಲದ ಡೈಆಕ್ಸೈಡಿನಿಂದ ಏದುಸಿರು ಬಿಡುವವನಿಗೆ ಅದರ ಅರ್ಧವೂ ಇಲ್ಲ. ಅಂಥವನು ಬಾಯಿಯಿಂದ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟುಕೊಳ್ಳಲಾರನಾದ್ದರಿಂದ, ಬಾಯಿತುಂಡಿನಲ್ಲೇ ಒಂದು ಸನ್ನೆಯನ್ನು ತಿರುಗಿಸಿದರೆ ಮೀಸಲು ಅನಿಲ ಬರುವ ಕವಾಟವನ್ನು ಕೂಡಿಸುತ್ತಾರೆ. ಎಚ್ಚರ ತಪ್ಪಿದರೂ ಬಾಯಿತುಂಡು ಜಾರದಂತೆ ತಲೆಯ ಹಿಂದಿನಿಂದ ಪಟ್ಟಿಯೊಂದನ್ನು ಬಿಗಿಯುತ್ತಾರೆ. ಈ ಅಗ್ಗದ ಪಟ್ಟಿಯನ್ನು ಇರುಸುಮುರುಸೆಂದು ಕಿತ್ತುಹಾಕುವವರನ್ನು ಕಂಡರೆ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ. ಸಿಲಿಂಡರುಗಳ ರಾಶಿಯನ್ನು ಹೊತ್ತು ಸಂದಿಗಳಲ್ಲಿ ನುಸುಳಲಾಗದೆಂದು, ಎರಡನೆಯ ರೀಬ್ರೀದರನ್ನೇ ಪಕ್ಕಕ್ಕೆ ಕಟ್ಟಿಕೊಳ್ಳುವ ಪದ್ಧತಿ ಈಚೆಗೆ ಹೆಚ್ಚುತ್ತಿದೆ. ಅದರೊಡನೆ ಇನ್ನೊಂದು ಸುಣ್ಣದ ಡಬ್ಬಿ, ಇನ್ನಷ್ಟು ಸೆನ್ಸರುಗಳು, ಇನ್ನೊಂದು ಸುತ್ತಿನ ಯೋಗಕ್ಷೇಮವೂ ಹೆಗಲೇರುತ್ತವೆ.

ತಿದ್ದಕೂಡದ್ದೂ ಇದೆ. ಉಸಿರಿನ ಕೊಳವೆಯ ಅಗಲ, ಸುಣ್ಣದ ಡಬ್ಬಿಯ ಒಳರಚನೆ, ಏಕಮುಖ ಕವಾಟಗಳು, ಇವನ್ನು ತಯಾರಕರು ಪರೀಕ್ಷಾಲಯದಲ್ಲಿ ಒತ್ತಡಕ್ಕೊಡ್ಡಿ ಅಳೆದು ನಿರ್ಧರಿಸಿರುತ್ತಾರೆ. ಮನೆಯ ಮೇಜಿನ ಮೇಲೆ ಅವನ್ನು ಬದಲಿಸಿದವನು ಯಾರೂ ಅಳೆಯದ ಯಂತ್ರವೊಂದನ್ನು ಹೊತ್ತು ಇಳಿಯುತ್ತಾನೆ. ಉಳಿದ ಬದಲಾವಣೆಗಳನ್ನು ಒಂದೊಂದಾಗಿ ಮಾಡಿ, ಆರು ಮೀಟರ್ ನೀರಿನಲ್ಲಿ, ಕಣ್ಣಿಗೆ ಮುಸುಕು ಹಾಕಿಕೊಂಡು, ಪ್ರತಿಯೊಂದು ವಾಲ್ವನ್ನೂ ಮುಟ್ಟಿ ಮುಚ್ಚಿ ತೆರೆದು ಪಳಗಬೇಕು. ತನ್ನ ಕೈ ಪಳಗಿದರೆ ಸಾಲದು. ವಿದ್ಯುತ್ ಕವಾಟ ತೆರೆದೇ ನಿಂತು ಆಮ್ಲಜನಕ ನುಗ್ಗುವಾಗ, ಸಿಕ್ಕಿಕೊಂಡವನ ವಾಲ್ವನ್ನು ಮುಚ್ಚಬೇಕಾದವನು ಸಂಗಡಿಗನಾಗಿರಬಹುದು. ಆದ್ದರಿಂದ ಆಮ್ಲಜನಕ ಬಲಕ್ಕೆ, ಮಿಶ್ರಣ ಎಡಕ್ಕೆ ಎಂಬ ರೂಢಿಯನ್ನು ತಂಡದವರೆಲ್ಲರೂ ಒಂದೇ ಸಮನೆ ಪಾಲಿಸುತ್ತಾರೆ. ಯಾರ ಯಂತ್ರದಲ್ಲಾದರೂ ಒಂದು ಗುಬ್ಬಿ ಸ್ಥಾನ ಬದಲಿಸಿದ್ದರೆ, ಇಳಿಯುವ ಮುನ್ನ ದೋಣಿಯ ಮೇಲೆಯೇ ಉಳಿದವರೆಲ್ಲರೂ ಒಬ್ಬೊಬ್ಬರಾಗಿ ಬಂದು, ಕೈಗವಸು ತೊಟ್ಟ ಬೆರಳುಗಳಿಂದ ಅದನ್ನು ತಿರುಗಿಸಿ ನೋಡುತ್ತಾರೆ.