ಮಲಪ್ರಭೆಯ ಸೀಮೆಯಿಂದ ಕಡಲಿಗೆ

ಕ್ರಿ.ಶ. 793ರಲ್ಲಿ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್ಫಾರ್ನ್ ನಡುಗಡ್ಡೆಯ ಕ್ರೈಸ್ತ ಮಠದ ಮೇಲೆ ಸ್ಕ್ಯಾಂಡಿನೇವಿಯದ ಹಡಗುಗಳು ಎರಗಿದವು. ವೈಕಿಂಗರ ಯುಗವನ್ನು ಸಾಮಾನ್ಯವಾಗಿ ಅಲ್ಲಿಂದ ಎಣಿಸುತ್ತಾರೆ. ಅದಕ್ಕೂ ಸುಮಾರು 160 ವರ್ಷ ಹಳೆಯದಾದ ಕಡಲ ದಾಳಿಯ ದಾಖಲೆಯೊಂದು ಕಮತಗಿಯ ನೆರೆಯಲ್ಲಿ, ಐಹೊಳೆಯ ಮೇಗುತಿ ಗುಡ್ಡದ ಮೇಲಿದೆ. ಪಶ್ಚಿಮ ಕರಾವಳಿ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಜೋಳ ಬೆಳೆಯುವ, ಸೀರೆ ನೇಯುವ ಈ ಸೀಮೆಗೆ ಕಡಲಿನ ನಂಟು ಹೇಗೆ ಬಂತು?

ಮೇಗುತಿ ಜಿನಾಲಯದ ಪೂರ್ವದ ಹೊರಗೋಡೆಯಲ್ಲಿ ಕವಿ ರವಿಕೀರ್ತಿಯ 19 ಸಾಲಿನ ಸಂಸ್ಕೃತ ಶಾಸನವಿದೆ. ಕಾಲ ಶಕ 556, ಅಂದರೆ ಕ್ರಿ.ಶ. 634-35. ಬಾದಾಮಿ ಚಾಲುಕ್ಯರ ದೊರೆ ಇಮ್ಮಡಿ ಪುಲಕೇಶಿ ಉತ್ತರದ ಹರ್ಷನನ್ನು ತಡೆದ ಸಂಗತಿಯಿಂದ ಈ ಶಾಸನ ಹೆಸರಾಗಿದೆ. ಪುಲಕೇಶಿ ಕೊಂಕಣದ ಮೌರ್ಯರನ್ನು ಅಡಗಿಸಿ, ಪಶ್ಚಿಮ ಸಮುದ್ರದ ಪುರಿ ಎಂಬ ನಗರವನ್ನು ನೂರಾರು ಹಡಗುಗಳೊಡನೆ ಮುತ್ತಿದನೆಂದೂ ಅದೇ ಶಾಸನ ಹೇಳುತ್ತದೆ. ಈ ಪುರಿಯನ್ನು ಹಲವು ವಿದ್ವಾಂಸರು ಮುಂಬೈ ಬಳಿಯ ಘಾರಾಪುರಿ, ಅಂದರೆ ಎಲಿಫೆಂಟಾ ಎಂದು ಗುರುತಿಸುತ್ತಾರೆ. ಲಿಂಡಿಸ್ಫಾರ್ನ್ ದಾಳಿಯ ಕಥೆಯನ್ನು ಬರೆದಿಟ್ಟವರು ಪೆಟ್ಟು ತಿಂದ ಕಡೆಯವರು. ಪುರಿಯ ದಾಳಿಯನ್ನು ಬರೆದವನು ಗೆದ್ದ ದೊರೆಯ ಕವಿ. ಒಂದರಲ್ಲಿ ಭಯ, ಇನ್ನೊಂದರಲ್ಲಿ ಹೊಗಳಿಕೆ ಸೇರಿರುವುದು ಸಹಜ. ಹಾಗಾಗಿ ಬರಹದ ಜೊತೆಗೆ ವಸ್ತುಗಳ ಸಾಕ್ಷಿಯೂ ಬೇಕು.

ಈ ವಿಷಯದಲ್ಲಿ ವೈಕಿಂಗರು ಅದೃಷ್ಟವಂತರು. ನಾರ್ವೆಯ ಗೋಕ್‌ಸ್ಟಾಡ್‌ನಲ್ಲಿ 1880ರಲ್ಲಿ ಸಮಾಧಿ ದಿಬ್ಬವೊಂದನ್ನು ಅಗೆದಾಗ 23 ಮೀಟರ್ ಉದ್ದದ, 32 ಹುಟ್ಟುಗಳ ಓಕ್ ಮರದ ಹಡಗು ಸಿಕ್ಕಿತು. ಗಾಳಿಯಾಡದ ಜೇಡಿಮಣ್ಣು ಅದನ್ನು ಸಾವಿರ ವರ್ಷ ಕಾಪಾಡಿತ್ತು. ನಮ್ಮ ಬೆಚ್ಚಗಿನ ಕಡಲಿನಲ್ಲಿ ಮರ ಕೊರೆಯುವ ಹುಳುಗಳು ಹಲಗೆಯನ್ನು ಬಿಡುವುದಿಲ್ಲ. ಪುಲಕೇಶಿಯ ಹಡಗುಗಳಲ್ಲಿ ಒಂದೂ ಉಳಿದಿಲ್ಲ. ಆದರೂ ಹಿಂದೂ ಮಹಾಸಾಗರದ ಹಡಗುಗಳನ್ನು ಹೇಗೆ ಕಟ್ಟುತ್ತಿದ್ದರೆಂಬುದು ಗೊತ್ತು. 1998ರಲ್ಲಿ ಇಂಡೊನೇಷ್ಯದ ಬೆಲಿಟುಂಗ್ ಬಳಿ ಪತ್ತೆಯಾದ, ವೈಕಿಂಗರ ಕಾಲದ್ದೇ ಆದ 9ನೆಯ ಶತಮಾನದ ಹಡಗಿನ ಹಲಗೆಗಳನ್ನು ಮೊಳೆಯಿಲ್ಲದೆ ಹಗ್ಗದಿಂದ ಹೊಲಿಯಲಾಗಿತ್ತು.

ವೈಕಿಂಗರು ಒಂದು ಹಲಗೆಯ ಅಂಚನ್ನು ಇನ್ನೊಂದರ ಮೇಲೆ ಏರಿಸಿ, ಕಬ್ಬಿಣದ ಮೊಳೆ ಬಡಿದು, ಸಂದಿಗೆ ಟಾರಿನಲ್ಲಿ ಅದ್ದಿದ ಉಣ್ಣೆ ತುಂಬುತ್ತಿದ್ದರು. ನಮ್ಮ ಕಡಲಿನವರು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಸಾಲಾಗಿ ತೂತು ಕೊರೆದು, ಒಳಗೆ ತೆಂಗಿನ ನಾರಿನ ಮೆತ್ತೆ ಇಟ್ಟು, ಅಜ್ಜಿಯರು ಕೌದಿ ಹೊಲಿದಂತೆ ನಾರಿನ ಹಗ್ಗ ಎಳೆದು ಬಿಗಿಯುತ್ತಿದ್ದರು. ಮೇಲೆ ರಾಳ, ಮೀನೆಣ್ಣೆಯ ಲೇಪ. ಅಲೆ ಬಡಿದಾಗ, ಮರಳಿಗೆ ತಾಗಿದಾಗ ಇಂಥ ಒಡಲು ತುಸು ಬಾಗುತ್ತದೆ, ಸುಲಭವಾಗಿ ಸೀಳುವುದಿಲ್ಲ. ಬಾಗಿ ಬಾಳುವ ಗುಣ ವೈಕಿಂಗರ ತೆಳು ಹಲಗೆಯ ಹಡಗಿಗೂ ಇತ್ತು. ದೂರದೂರದ ಎರಡು ಸಮುದ್ರಗಳು ಒಂದೇ ಕಷ್ಟಕ್ಕೆ ತಮ್ಮ ತಮ್ಮ ಮರ, ನಾರು, ಲೋಹಗಳಲ್ಲಿ ಪರಿಹಾರ ಕಂಡುಕೊಂಡವು.

ಈ ಕಸುಬು ಬಾದಾಮಿಯ ಬಂಡೆಗಳ ನಡುವೆ ಹುಟ್ಟಿದ್ದಲ್ಲ. ಪುಲಕೇಶಿಗೆ ಮೊದಲಿನ ಚಾಲುಕ್ಯ ದೊರೆ ಮಂಗಳೇಶನು ಕೊಂಕಣದ ರೇವತೀದ್ವೀಪವನ್ನು ಗೆದ್ದಿದ್ದ. ನೆಲ ಕೈಗೆ ಬಂದಾಗ ಅಲ್ಲಿನ ಬಂದರು, ಬಡಗಿಗಳು, ನಾವಿಕರು ಚಾಲುಕ್ಯರಿಗೆ ಒದಗಿರಬೇಕು. ಮುಂಗಾರಿನ ತಿಂಗಳುಗಳಲ್ಲಿ ಆ ಕಡಲಿಗಿಳಿಯುವುದು ಅಪಾಯ, ಮಳೆ ನಿಂತ ಮೇಲೆ ಹಾದಿ ತೆರೆಯುತ್ತದೆ ಎಂಬ ಲೆಕ್ಕವನ್ನು ಅರಿತವರೂ ಅವರೇ. ವೈಕಿಂಗರಲ್ಲಾದರೋ ಹೊಲ ಉಳುವವನೇ ಹಡಗು ಏರುತ್ತಿದ್ದ. ನಮ್ಮಲ್ಲಿ ಒಳನಾಡಿನ ದಂಡು ಕರಾವಳಿಯ ಜಾಣ್ಮೆಯನ್ನು ನೆಚ್ಚಿತು. ಹಲವು ಪಠ್ಯಗಳಲ್ಲಿ ದೊರೆಯ ಹೆಸರು ಮಾತ್ರ ಉಳಿದು ಈ ಜನ ಕಾಣೆಯಾಗಿರುವುದು ನ್ಯಾಯವಲ್ಲ.

ದಾಳಿಗಿಂತ ನೆಲೆಯೂರುವುದು ಕಷ್ಟ. 870ರ ಸುಮಾರಿಗೆ ನಾರ್ಸ್ ಜನ, ಅಂದರೆ ವೈಕಿಂಗರ ನಾಡಿನವರು, ದನ, ಕುರಿ, ಹೆಂಡಿರು ಮಕ್ಕಳೊಂದಿಗೆ ಐಸ್‌ಲ್ಯಾಂಡಿಗೆ ಹೊರಟರು; ಮುಂದೆ ಗ್ರೀನ್‌ಲ್ಯಾಂಡ್, ಅಲ್ಲಿಂದ ಕೆನಡದ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿದರು. ಅಲ್ಲಿನ ಲಾನ್ಸ್ ಒ ಮೆಡೋಸ್ ನೆಲೆಯಲ್ಲಿ ಲೋಹದ ಆಯುಧದಿಂದ ಕಡಿದ ಮರದ ತುಂಡುಗಳಿವೆ. 993ರಲ್ಲಿ ಭೂಮಿಗೆ ಅಪ್ಪಳಿಸಿದ ವಿಶ್ವಕಿರಣಗಳಿಂದಾಗಿ ಆ ವರ್ಷದ ಮರದುಂಗುರಗಳಲ್ಲಿ ಕಾರ್ಬನ್-14 ಹೆಚ್ಚಿದೆ. ಆ ಉಂಗುರದಿಂದ ತೊಗಟೆಯವರೆಗೆ ಎಣಿಸಿದ ವಿಜ್ಞಾನಿಗಳಿಗೆ ಮರ ಕಡಿದ ವರ್ಷ ಸಿಕ್ಕಿತು: 1021.

ಅದೇ ಶತಮಾನದಲ್ಲಿ ಐಹೊಳೆಯ ಹೆಸರೂ ಕಡಲಾಚೆ ಇಳಿಯಿತು. ಅಯ್ಯಾವೊಳೆ (ಐಹೊಳೆ) ಐನೂರ್ವರ ವರ್ತಕ ಸಂಘ ಇಲ್ಲಿ ಬೇರುಬಿಟ್ಟು ದಕ್ಷಿಣ ಭಾರತವನ್ನೂ ಶ್ರೀಲಂಕೆಯನ್ನೂ ಆವರಿಸಿತು. ಕಳ್ಳಕಾಕರಿಂದ ಸರಕು ಕಾಯಲು ಅವರ ಬಳಿ ಶಸ್ತ್ರಧಾರಿಗಳಿದ್ದರು. ಕರ್ಪೂರಕ್ಕೆ ಹೆಸರಾದ ಸುಮಾತ್ರದ ಬಾರುಸ್ ಬಳಿಯ ಲೋಬು ತುವಾದಲ್ಲಿ ಈ ಐನೂರ್ವರ ಶಾಸನ ಸಿಕ್ಕಿದೆ. ವರ್ಷ 1088, ಭಾಷೆ ತಮಿಳು. ಊರು ಬಿಟ್ಟ ಸಂಘ ಹೋದಲ್ಲೆಲ್ಲ ಬೇರೆ ನುಡಿಯವರನ್ನು ಸೇರಿಸಿಕೊಂಡು ಬೆಳೆದದ್ದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ. ಐಸ್‌ಲ್ಯಾಂಡಿಗರು ತಮ್ಮ ನುಡಿಯನ್ನೂ ಮನೆತನಗಳನ್ನೂ ಹೊತ್ತೊಯ್ದು ಹೊಸ ನಾಡು ಕಟ್ಟಿದರು. ಐನೂರ್ವರು ಹೊತ್ತೊಯ್ದದ್ದು ಕಟ್ಟುಪಾಡು ಮತ್ತು ನಂಬಿಕೆ. ಅದರಿಂದ ಪೇಟೆಗಳು ಎದ್ದವು.

ಹಳೆಯ ಹಡಗನ್ನು ತಿಳಿಯಲು ಅದನ್ನು ಮತ್ತೆ ಕಟ್ಟಿ ನೋಡುವುದು ಒಳ್ಳೆಯ ಹಾದಿ. ಡೆನ್ಮಾರ್ಕಿನವರು ತಮ್ಮಲ್ಲಿ ಸಿಕ್ಕ ವೈಕಿಂಗ್ ಹಡಗೊಂದರ ಪ್ರತಿರೂಪದಲ್ಲಿ 2007ರಲ್ಲಿ ಡಬ್ಲಿನ್‌ವರೆಗೆ ಸಾಗಿದರು. ಅಜಂತಾದ ಚಿತ್ರವನ್ನು ನೋಡಿ ಹಲಗೆ ಹೊಲಿದು ಕಟ್ಟಿದ 'ಕೌಂಡಿನ್ಯ' ಹಡಗು 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಐಹೊಳೆಗೆ ಹೋದವರಲ್ಲಿ ಬಹುಪಾಲು ದುರ್ಗ ಗುಡಿ ನೋಡಿ ತಿರುಗಿಬಿಡುತ್ತಾರೆ. ಕಮತಗಿ, ಅಮೀನಗಡ, ಹುನಗುಂದದ ಶಾಲೆಗಳು ಮಕ್ಕಳನ್ನು ಮೇಗುತಿ ಗುಡ್ಡ ಹತ್ತಿಸಬೇಕು. ಹರ್ಷನ ಸೋಲಿನ ಜೊತೆಗೆ ಹಡಗುಗಳ ಮಾತನ್ನೂ ತೋರಿಸಬೇಕು. ಕರ್ನಾಟಕದ ಕಡಲ ಚರಿತ್ರೆಯ ಪಾಠ ಮಂಗಳೂರು, ಕಾರವಾರಗಳಲ್ಲಷ್ಟೇ ಅಲ್ಲ, ಈ ಗುಡ್ಡದ ಮೇಲೂ ಶುರುವಾಗುತ್ತದೆ.